ಅಂಗೈ ಗಣಕದಲ್ಲಿ ಜಿಪಿಎಸ್ ನಕ್ಷೆ: ದೋಷ ಎಲ್ಲಿದೆ ಎಂದು ಪತ್ತೆಹಚ್ಚುವ ಬಗೆ

‘ಜಿಪಿಎಸ್ ಸಿಗುತ್ತಿಲ್ಲ’ ಎಂಬ ಒಂದೇ ದೂರಿನ ಹಿಂದೆ ಒಂದಕ್ಕೊಂದು ಸಂಬಂಧವಿಲ್ಲದ ಹಲವು ದೋಷಗಳಿರಬಹುದು. ಉಪಗ್ರಹಗಳ ಸಿಗ್ನಲ್ ಹಿಡಿಯುವ ರಿಸೀವರಿಗೆ ಉಪಗ್ರಹಗಳು ಸಿಗದಿರಬಹುದು. ಉಪಗ್ರಹಗಳು ಸಿಕ್ಕಿದ್ದರೂ ರಿಸೀವರ್ ಕಳುಹಿಸುವ ಮಾಹಿತಿ ಅಂಗೈ ಗಣಕಕ್ಕೆ, ಅಂದರೆ ಪಿಡಿಎಗೆ, ತಲುಪದಿರಬಹುದು. ತಲುಪಿದ್ದರೂ ನಕ್ಷೆಯ ತಂತ್ರಾಂಶ ಬೇರೆ ಪೋರ್ಟಿಗೆ, ಅಂದರೆ ಮಾಹಿತಿ ಬರುವ ಬೇರೊಂದು ಬಾಗಿಲಿಗೆ, ಕಿವಿಗೊಟ್ಟು ಕುಳಿತಿರಬಹುದು. ಎಲ್ಲವೂ ಸರಿಯಿದ್ದು ನಕ್ಷೆಯೇ ತಪ್ಪು ಅಳತೆಯ ಮೇಲೆ ಕೂತಿರಬಹುದು. ಕೊಡಗಿನಲ್ಲಿ ಇಂಥ ತೊಂದರೆ ಬಂದಾಗ ಮೊದಲು ಅಪವಾದ ಹೊರುವುದು ಮಳೆ, ಮರ ಮತ್ತು ಗುಡ್ಡ. ಈ ಮೂರರಲ್ಲಿ ಮಳೆಯ ಪಾಲು ಬಹಳ ಸಣ್ಣದು, ಮರ ಮತ್ತು ಗುಡ್ಡಗಳ ಪಾಲು ನಿಜವಾದುದೇ ಆದರೂ ಅದನ್ನು ಗುರುತಿಸುವ ಲಕ್ಷಣಗಳು ಬೇರೆ. ಹೊಸದಾಗಿ ಸ್ಥಾಪಿಸಿದ ವ್ಯವಸ್ಥೆಯಲ್ಲಿ ಬಹುಪಾಲು ದೋಷಗಳು ಆಕಾಶದಲ್ಲಿ ಇರುವುದಿಲ್ಲ, ಪಿಡಿಎಯ ಸೆಟ್ಟಿಂಗ್ಸ್ ಪುಟದಲ್ಲಿ ಇರುತ್ತವೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಇಲ್ಲಿ ಹೇಳುವ ಸಂಗತಿಗಳು ಪಾಕೆಟ್ ಪಿಸಿ 2003, ವಿಂಡೋಸ್ ಮೊಬೈಲ್ 5 ಮತ್ತು 6 ಇರುವ ಅಂಗೈ ಗಣಕಗಳಿಗೆ, ಅವುಗಳ ಜೊತೆ ಬಳಸುವ ಬ್ಲೂಟೂತ್ ರಿಸೀವರ್ ಅಥವಾ ಕಾಂಪ್ಯಾಕ್ಟ್ ಫ್ಲ್ಯಾಶ್ ಕಾರ್ಡಿನ ರಿಸೀವರುಗಳಿಗೆ ಸಂಬಂಧಿಸಿದವು. ಈಗಿನ ಫೋನುಗಳಲ್ಲಿ ಇವೆಲ್ಲ ಒಳಗೇ ಸೇರಿಹೋಗಿವೆ. ಆದರೂ ಮೊಬೈಲ್ ನೆಟ್‌ವರ್ಕ್ ಇಲ್ಲದ ಏಲಕ್ಕಿ ಮಲೆಗಳಲ್ಲಿ, ಒದ್ದೆ ಕೈಯಲ್ಲಿ ಸ್ಟೈಲಸ್ ಹಿಡಿದು ಗುರುತು ಹಾಕಬೇಕಾದಲ್ಲಿ, ಬ್ಯಾಟರಿ ಬದಲಿಸಿಕೊಂಡು ದಿನವಿಡೀ ನಡೆಯಬೇಕಾದಲ್ಲಿ, ಈ ಹಳೆಯ ಸಾಧನಗಳು ಇನ್ನೂ ಕೆಲಸಕ್ಕೆ ಬರುತ್ತವೆ. ಸರಿಯಾಗಿ ಹೊಂದಿಸಿದರೆ ಅವುಗಳ ಮೇಲೆ ಭರವಸೆ ಇಡಬಹುದು.

ಮೊದಲು ಓದಬೇಕಾದದ್ದು ರಿಸೀವರಿನ ಸಾಲುಗಳನ್ನು

ತೋಟದ ಸ್ಪ್ರಿಂಕ್ಲರ್ ಪೈಪಿನಲ್ಲಿ ನೀರು ಬಾರದಿದ್ದರೆ ನಡುವಿನ ಒಂದು ಜೋಡಣೆಯನ್ನು ಬಿಚ್ಚಿ, ಅಲ್ಲಿಯವರೆಗೆ ನೀರು ಬಂದಿದೆಯೇ ಎಂದು ನೋಡುತ್ತೇವೆ. ಆಗ ದೋಷ ಮೇಲಿನ ಅರ್ಧದಲ್ಲಿದೆಯೋ ಕೆಳಗಿನ ಅರ್ಧದಲ್ಲಿದೆಯೋ ಒಂದೇ ಏಟಿಗೆ ತಿಳಿಯುತ್ತದೆ. ಜಿಪಿಎಸ್ ವ್ಯವಸ್ಥೆಯಲ್ಲಿ ಅಂಥ ಜೋಡಣೆ ಎಂದರೆ ರಿಸೀವರ್ ಮತ್ತು ಪಿಡಿಎಗಳ ನಡುವಿನ ಸೀರಿಯಲ್ ಪೋರ್ಟ್. ರಿಸೀವರ್ ಪ್ರತಿ ಸೆಕೆಂಡಿಗೂ ಎನ್‌ಎಂಇಎ 0183 ಎಂಬ ಮಾನಕದ ಪ್ರಕಾರ ಸರಳ ಅಕ್ಷರಗಳ ಸಾಲುಗಳನ್ನು ಈ ಪೋರ್ಟಿಗೆ ಕಳುಹಿಸುತ್ತಿರುತ್ತದೆ. ನಕ್ಷೆಯ ತಂತ್ರಾಂಶವನ್ನು ಸಂಪೂರ್ಣವಾಗಿ ಮುಚ್ಚಿ, ವಿಷುಯಲ್‌ಜಿಪಿಎಸ್‌ಸಿಇಯಂಥ ಒಂದು ಸಣ್ಣ ಪರೀಕ್ಷಾ ತಂತ್ರಾಂಶದಲ್ಲಿ ಆ ಸಾಲುಗಳನ್ನು ನೇರವಾಗಿ ನೋಡಬೇಕು. ಇದನ್ನು ಮಾಡದೆ ನಕ್ಷೆಯ ಸೆಟ್ಟಿಂಗುಗಳನ್ನು ಒಂದೊಂದಾಗಿ ಬದಲಿಸುತ್ತಾ ಹೋದರೆ, ಸರಿಯಿದ್ದದ್ದೂ ಕೆಡುತ್ತದೆ.

ಪರದೆಯ ಮೇಲೆ ಇಂಗ್ಲಿಷ್ ಅಕ್ಷರಗಳಲ್ಲಿ ಡಾಲರ್ ಚಿಹ್ನೆಯಿಂದ ಆರಂಭವಾಗುವ ಸಾಲುಗಳು ಕಾಣುತ್ತವೆ. ಮಡಿಕೇರಿಯಲ್ಲಿ ನಿಂತು ನೋಡಿದರೆ ಅವುಗಳಲ್ಲಿ ಒಂದು ಸಾಲಿನ ಮೊದಲ ಭಾಗ ಸುಮಾರಾಗಿ ಹೀಗಿರುತ್ತದೆ:

ಜಿಪಿಆರ್‌ಎಂಸಿ, 053012, ಎ, 1225.46, ಎನ್, 07544.29, ಇ

ಮೊದಲನೆಯದು ಸಾಲಿನ ಹೆಸರು. ಎರಡನೆಯದು ವೇಳೆ; ಇದು ನಮ್ಮ ವೇಳೆಯಲ್ಲ, ಅಂತರರಾಷ್ಟ್ರೀಯ ವೇಳೆ. ಇದಕ್ಕೆ ಐದೂವರೆ ಗಂಟೆ ಕೂಡಿಸಿದರೆ ನಮ್ಮ ಬೆಳಗಿನ 11 ಗಂಟೆ 12 ಸೆಕೆಂಡು ಆಗುತ್ತದೆ. ಮೂರನೆಯ ಅಕ್ಷರವೇ ಮುಖ್ಯವಾದುದು. ಅಲ್ಲಿ ‘ಎ’ ಇದ್ದರೆ ಸ್ಥಾನ ಖಚಿತವಾಗಿದೆ, ‘ವಿ’ ಇದ್ದರೆ ಆಗಿಲ್ಲ. ಮುಂದಿನವು ಅಕ್ಷಾಂಶ ಮತ್ತು ರೇಖಾಂಶ. ಜಿಪಿಜಿಜಿಎ ಎಂಬ ಇನ್ನೊಂದು ಸಾಲಿನಲ್ಲಿ ಎಷ್ಟು ಉಪಗ್ರಹಗಳನ್ನು ಬಳಸಲಾಗಿದೆ ಮತ್ತು ಎತ್ತರ ಎಷ್ಟು ಎಂಬುದು ಇರುತ್ತದೆ. ಜಿಪಿಜಿಎಸ್‌ವಿ ಸಾಲುಗಳಲ್ಲಿ ಒಂದೊಂದು ಉಪಗ್ರಹದ ದಿಕ್ಕು, ಎತ್ತರದ ಕೋನ ಮತ್ತು ಸಿಗ್ನಲ್ ಬಲ ಇರುತ್ತವೆ.

ಈ ಒಂದು ನೋಟದಿಂದ ಮುಂದಿನ ದಾರಿ ಕವಲೊಡೆಯುತ್ತದೆ. ಸಾಲುಗಳೇ ಬಾರದಿದ್ದರೆ ಅಥವಾ ಅರ್ಥವಾಗದ ಚಿಹ್ನೆಗಳು ಬಂದರೆ, ದೋಷ ಜೋಡಣೆಯದು. ಸಾಲುಗಳು ಬಂದು ‘ವಿ’ ಎಂದೇ ತೋರಿಸುತ್ತಿದ್ದರೆ, ಸಿಗ್ನಲ್ಲಿನದು. ‘ಎ’ ಬಂದು, ಅಂಕಿಗಳೂ ಸರಿಯಿದ್ದು, ನಕ್ಷೆಯಲ್ಲಿ ಗುರುತು ಕಾಣದಿದ್ದರೆ ಅಥವಾ ತಪ್ಪು ಜಾಗದಲ್ಲಿ ಕಂಡರೆ, ತಂತ್ರಾಂಶದ್ದು ಅಥವಾ ನಕ್ಷೆಯದು. ಅಂಕಿಗಳು ಸರಿಯಿವೆಯೇ ಎಂದು ನೋಡಲು ಒಂದು ಒರಟು ಅಳತೆ ನೆನಪಿನಲ್ಲಿರಲಿ: ಕೊಡಗು ಜಿಲ್ಲೆ ಸುಮಾರು 11 ಡಿಗ್ರಿ 56 ಮಿನಿಟಿನಿಂದ 12 ಡಿಗ್ರಿ 50 ಮಿನಿಟು ಉತ್ತರ ಅಕ್ಷಾಂಶದವರೆಗೆ, 75 ಡಿಗ್ರಿ 22 ಮಿನಿಟಿನಿಂದ 76 ಡಿಗ್ರಿ 11 ಮಿನಿಟು ಪೂರ್ವ ರೇಖಾಂಶದವರೆಗೆ ಹರಡಿದೆ. ಜಿಲ್ಲೆಯೊಳಗೆ ನಿಂತಿರುವಾಗ ಈ ಚೌಕಟ್ಟಿನ ಹೊರಗಿನ ಅಂಕಿ ಬಂದರೆ ಅದನ್ನು ನಂಬಬೇಡಿ.

ಸಾಲುಗಳೇ ಬಾರದಿದ್ದಾಗ

ಬ್ಲೂಟೂತ್ ರಿಸೀವರ್ ಒಂದು ಸಮಯಕ್ಕೆ ಒಂದೇ ಸಾಧನದೊಂದಿಗೆ ಮಾತನಾಡುತ್ತದೆ. ಜೇಬಿನಲ್ಲಿರುವ ಫೋನಿಗೆ ಅದನ್ನು ಹಿಂದೊಮ್ಮೆ ಜೋಡಿಸಿದ್ದರೆ, ರಿಸೀವರ್ ಚಾಲೂ ಆದ ಕೂಡಲೇ ಫೋನು ಅದನ್ನು ಹಿಡಿದುಕೊಂಡು ಬಿಡಬಹುದು. ಪಿಡಿಎಯಲ್ಲಿ ಎಷ್ಟು ಹುಡುಕಿದರೂ ಸಂಪರ್ಕ ಆಗುವುದಿಲ್ಲ. ಆದ್ದರಿಂದ ಪರೀಕ್ಷೆಯ ಹೊತ್ತಿನಲ್ಲಿ ಸುತ್ತಲಿನ ಎಲ್ಲ ಫೋನುಗಳ ಬ್ಲೂಟೂತ್ ಆರಿಸಿಡಬೇಕು. ಜೋಡಿಸುವಾಗ ಕೇಳುವ ಗುಪ್ತ ಸಂಖ್ಯೆ ಸಾಮಾನ್ಯವಾಗಿ 0000 ಅಥವಾ 1234. ಜೋಡಣೆಯಾದ ಮೇಲೆ ಅಲ್ಲಿಗೇ ನಿಲ್ಲಿಸುವವರು ಬಹಳ ಮಂದಿ. ಜೋಡಣೆ ಬೇರೆ, ಪೋರ್ಟ್ ಕೊಡುವುದು ಬೇರೆ. ಬ್ಲೂಟೂತ್ ಸೆಟ್ಟಿಂಗುಗಳಲ್ಲಿ ಆ ರಿಸೀವರಿಗೆ ಸೀರಿಯಲ್ ಪೋರ್ಟ್ ಸೇವೆಯನ್ನು ಆರಿಸಿ, ಹೊರಹೋಗುವ ಕಾಮ್ ಪೋರ್ಟ್ ಒಂದನ್ನು ನಿಗದಿಪಡಿಸಬೇಕು. ಅದು ಕಾಮ್ 6 ಇರಬಹುದು, ಕಾಮ್ 8 ಇರಬಹುದು. ಪಿಡಿಎಯಿಂದ ಪಿಡಿಎಗೆ ಬದಲಾಗುತ್ತದೆ. ಒಳಬರುವ ಪೋರ್ಟನ್ನು ತಪ್ಪಾಗಿ ಆರಿಸಿದರೆ ತಂತ್ರಾಂಶ ಪೋರ್ಟ್ ತೆರೆದಂತೆ ತೋರಿಸುತ್ತದೆ, ಆದರೆ ಒಂದು ಅಕ್ಷರವೂ ಬರುವುದಿಲ್ಲ.

ಪಾಕೆಟ್ ಪಿಸಿ 2003ರಲ್ಲಿ ಒಂದು ಪೋರ್ಟನ್ನು ಒಂದೇ ತಂತ್ರಾಂಶ ತೆರೆಯಬಲ್ಲದು. ಪರೀಕ್ಷಾ ತಂತ್ರಾಂಶದ ಮೂಲೆಯಲ್ಲಿನ ಗುಣಾಕಾರ ಚಿಹ್ನೆಯನ್ನು ಮುಟ್ಟಿದರೆ ಅದು ಮರೆಯಾಗುತ್ತದೆಯೇ ಹೊರತು ಮುಚ್ಚಿಕೊಳ್ಳುವುದಿಲ್ಲ, ಹಿಂದೆ ಕುಳಿತು ಪೋರ್ಟನ್ನು ಹಿಡಿದೇ ಇರುತ್ತದೆ. ಆಮೇಲೆ ತೆರೆದ ನಕ್ಷೆಯ ತಂತ್ರಾಂಶಕ್ಕೆ ಪೋರ್ಟ್ ಸಿಗುವುದಿಲ್ಲ. ಮೆಮೊರಿ ಪುಟಕ್ಕೆ ಹೋಗಿ, ಓಡುತ್ತಿರುವ ತಂತ್ರಾಂಶಗಳ ಪಟ್ಟಿಯಿಂದ ಅದನ್ನು ನಿಲ್ಲಿಸಬೇಕು, ಇಲ್ಲವೇ ಸಾಫ್ಟ್ ರೀಸೆಟ್ ಮಾಡಬೇಕು, ಅಂದರೆ ಕಡತಗಳು ಅಳಿಯದಂತೆ ಪಿಡಿಎಯನ್ನು ಮತ್ತೆ ಚಾಲೂ ಮಾಡಬೇಕು. ವಿಂಡೋಸ್ ಮೊಬೈಲ್ 5ರಿಂದ ಈ ತೊಡಕಿಗೆ ಪರಿಹಾರವಾಗಿ ನಡುವೆ ಒಂದು ಜಿಪಿಎಸ್ ಚಾಲಕ ತಂತ್ರಾಂಶ ಬಂದಿದೆ. ಅದರ ಪುಟದಲ್ಲಿ ಎರಡು ಪೋರ್ಟುಗಳಿರುತ್ತವೆ: ರಿಸೀವರ್ ನಿಜವಾಗಿ ಇರುವ ಹಾರ್ಡ್‌ವೇರ್ ಪೋರ್ಟ್ ಒಂದು, ತಂತ್ರಾಂಶಗಳು ಕೇಳಬೇಕಾದ ಪ್ರೋಗ್ರಾಂ ಪೋರ್ಟ್ ಇನ್ನೊಂದು. ಎರಡಕ್ಕೂ ಒಂದೇ ಸಂಖ್ಯೆ ಕೊಡಬಾರದು. ನಕ್ಷೆಯ ತಂತ್ರಾಂಶದಲ್ಲಿ ಪ್ರೋಗ್ರಾಂ ಪೋರ್ಟಿನ ಸಂಖ್ಯೆಯನ್ನು ಕೊಡಬೇಕು. ಕೆಲವು ಪಿಡಿಎಗಳಲ್ಲಿ ತಯಾರಕರು ಈ ಪುಟವನ್ನು ಮರೆಮಾಡಿರುತ್ತಾರೆ; ಆಗ ಚಾಲಕವನ್ನು ಬಿಟ್ಟು, ಹಾರ್ಡ್‌ವೇರ್ ಪೋರ್ಟನ್ನೇ ನೇರವಾಗಿ ಕೊಟ್ಟು ನೋಡುವುದು ಸುಲಭದ ದಾರಿ.

ಕಾರ್ಡಿನ ರಿಸೀವರ್ ಆದರೆ ಸಂಪರ್ಕ ಬಿಂದುಗಳನ್ನು ನೋಡಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಮನೆಗಳೊಳಗಿನ ತೇವಕ್ಕೆ ಚರ್ಮದ ಚಪ್ಪಲಿಗೆ ಬೂಷ್ಟು ಹಿಡಿಯುವಾಗ, ಲೋಹದ ಸಂಪರ್ಕಗಳು ಮಂಕಾಗುವುದು ಸಹಜ. ಕಾರ್ಡನ್ನು ಕೆಲವು ಬಾರಿ ನಿಧಾನವಾಗಿ ತೆಗೆದು ಹಾಕಿದರೆ ಎಷ್ಟೋ ಸಲ ಸಂಪರ್ಕ ಮರಳುತ್ತದೆ. ಬ್ಯಾಟರಿಯ ಚಪ್ಪಟೆ ಸಂಪರ್ಕಗಳನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿ, ಪುಡಿಯನ್ನು ಒರಸಿ ತೆಗೆಯಬಹುದು. ಸೂಜಿಯಂಥ ಸಣ್ಣ ಪಿನ್ನುಗಳಿರುವ ಜಾಗದಲ್ಲಿ ಏನನ್ನೂ ತುರುಕಬಾರದು.

ಸಾಲುಗಳ ಬದಲು ಚೌಕ, ಪ್ರಶ್ನಾರ್ಥಕ ಚಿಹ್ನೆ ಮತ್ತು ಕಸದಂಥ ಅಕ್ಷರಗಳು ಬಂದರೆ ಎರಡು ಕಾರಣಗಳಿರಬಹುದು. ಒಂದು, ಬಾಡ್ ರೇಟ್, ಅಂದರೆ ಪೋರ್ಟಿನಲ್ಲಿ ಮಾಹಿತಿ ಹರಿಯುವ ವೇಗ, ಹೊಂದದಿರುವುದು. ಎನ್‌ಎಂಇಎ 0183ರ ಮೂಲ ವೇಗ 4800. ಕಾರ್ಡಿನ ಮತ್ತು ವೈರಿನ ರಿಸೀವರುಗಳಿಗೆ ಮೊದಲು ಇದನ್ನೇ ಕೊಟ್ಟು ನೋಡಿ, ಆಗದಿದ್ದರೆ 9600 ಮತ್ತು 38400. ಬ್ಲೂಟೂತಿನ ಕಾಲ್ಪನಿಕ ಪೋರ್ಟಿನಲ್ಲಿ ಈ ಅಂಕಿಗೆ ಸಾಮಾನ್ಯವಾಗಿ ಬೆಲೆಯಿಲ್ಲ, ಆದ್ದರಿಂದ ಅಲ್ಲಿ ಕಸ ಕಂಡರೆ ಎರಡನೆಯ ಕಾರಣವನ್ನೇ ಶಂಕಿಸಬೇಕು. ಅದೇನೆಂದರೆ, ಸಿರ್ಫ್ ಕಂಪನಿಯ ಚಿಪ್ ಇರುವ ರಿಸೀವರುಗಳಿಗೆ ಎನ್‌ಎಂಇಎ ಅಲ್ಲದೆ ತಮ್ಮದೇ ಆದ ಬೈನರಿ ಭಾಷೆಯೂ ಇದೆ. ಯಾವುದೋ ತಂತ್ರಾಂಶ ಅದನ್ನು ಬೈನರಿಗೆ ಬದಲಿಸಿ ಹಾಗೆಯೇ ಬಿಟ್ಟಿದ್ದರೆ, ಮುಂದಿನ ತಂತ್ರಾಂಶಕ್ಕೆ ಅದು ಅರ್ಥವಾಗುವುದಿಲ್ಲ. ಸಿರ್ಫ್ ಸೆಟ್ಟಿಂಗುಗಳನ್ನು ಬದಲಿಸುವ ಸಣ್ಣ ತಂತ್ರಾಂಶದಿಂದ ಅದನ್ನು ಮತ್ತೆ ಎನ್‌ಎಂಇಎಗೆ ತರಬೇಕು. ಕೆಲವು ರಿಸೀವರುಗಳಲ್ಲಿ ಬ್ಯಾಟರಿಯನ್ನು ತೆಗೆದು ಸಾಕಷ್ಟು ಹೊತ್ತು ಹಾಗೆಯೇ ಇಟ್ಟರೂ ಮೂಲ ಸ್ಥಿತಿಗೆ ಬರುತ್ತವೆ.

ತಂತ್ರಾಂಶವೇ ಮಾಯವಾಗಿದ್ದರೆ

ಮಳೆಗಾಲವಿಡೀ ಮೇಜಿನ ಖಾನೆಯಲ್ಲಿದ್ದ ಪಿಡಿಎಯನ್ನು ಚಾರ್ಜಿಗೆ ಹಾಕಿ ತೆರೆದಾಗ ಸ್ಥಾಪಿಸಿದ್ದೆಲ್ಲ ಅಳಿಸಿಹೋಗಿ, ಹೊಸದರಂತೆ ಸ್ವಾಗತದ ಪರದೆ ಬಂದರೆ ಗಾಬರಿ ಬೇಡ. ಪಾಕೆಟ್ ಪಿಸಿ 2003 ಮತ್ತು ಅದಕ್ಕಿಂತ ಹಳೆಯವು ತಂತ್ರಾಂಶಗಳನ್ನೂ ಕಡತಗಳನ್ನೂ ರ‍್ಯಾಮಿನಲ್ಲಿ ಇಡುತ್ತವೆ. ಬ್ಯಾಟರಿ ಪೂರ್ತಿ ಬರಿದಾದರೆ ಅದೂ ಬರಿದಾಗುತ್ತದೆ. ವಿಂಡೋಸ್ ಮೊಬೈಲ್ 5ರಿಂದ ಈಚೆಗೆ ಈ ತೊಂದರೆ ಇಲ್ಲ. ಹಳೆಯವುಗಳಲ್ಲಿ ನಕ್ಷೆ, ದಾಖಲಿಸಿದ ಜಾಡು ಮತ್ತು ಸ್ಥಾಪನೆಯ ಕ್ಯಾಬ್ ಕಡತ ಮೂರನ್ನೂ ಮೆಮೊರಿ ಕಾರ್ಡಿನಲ್ಲೇ ಇಡುವುದನ್ನು ಕಡ್ಡಾಯ ಮಾಡಿಕೊಳ್ಳಬೇಕು. ಕ್ಯಾಬ್ ಕಡತವನ್ನು ಫೈಲ್ ಎಕ್ಸ್‌ಪ್ಲೋರರಿನಲ್ಲಿ ಮುಟ್ಟಿದರೆ ಸಾಕು, ತಂತ್ರಾಂಶ ಸ್ಥಾಪನೆಯಾಗುತ್ತದೆ. ಪಿಡಿಎಯನ್ನು ಕಂಪ್ಯೂಟರಿಗೆ ಜೋಡಿಸುವ ಆಕ್ಟಿವ್‌ಸಿಂಕ್ ತಂತ್ರಾಂಶ ಇರುವ ಹಳೆಯ ಕಂಪ್ಯೂಟರಿಗಾಗಿ ಊರೆಲ್ಲ ಹುಡುಕಬೇಕಿಲ್ಲ. ‘ಮಾನ್ಯವಾದ ತಂತ್ರಾಂಶವಲ್ಲ’ ಎಂಬ ಸಂದೇಶ ಬಂದರೆ, ಆ ಕಡತ ಬೇರೆ ಪ್ರೊಸೆಸರಿಗೆ ಅಥವಾ ಬೇರೆ ಆವೃತ್ತಿಗೆ ಮಾಡಿದ್ದು ಎಂದರ್ಥ.

ಕಾರ್ಡೇ ಕಾಣದಿದ್ದರೆ ಅದರ ಗಾತ್ರವನ್ನು ನೋಡಿ. ಈಗ ಅಂಗಡಿಯಲ್ಲಿ ಸಿಗುವ ದೊಡ್ಡ ಕಾರ್ಡುಗಳು ಎಸ್‌ಡಿಎಚ್‌ಸಿ ಅಥವಾ ಅದಕ್ಕೂ ಮುಂದಿನ ಬಗೆಯವು. ಹಳೆಯ ಪಿಡಿಎಗಳಲ್ಲಿ ಹಲವು 2 ಜಿಬಿವರೆಗಿನ ಸಾಮಾನ್ಯ ಎಸ್‌ಡಿ ಕಾರ್ಡುಗಳನ್ನು ಮಾತ್ರ ಓದುತ್ತವೆ. ಫಾರ್ಮ್ಯಾಟ್ ಫ್ಯಾಟ್ 16 ಅಥವಾ ಫ್ಯಾಟ್ 32 ಇರಬೇಕು.

ಸಾಲು ಬರುತ್ತಿದೆ, ಸ್ಥಾನ ಸಿಗುತ್ತಿಲ್ಲ

ಬಹಳ ದಿನ ಆರಿಸಿಟ್ಟ ರಿಸೀವರ್ ಮೊದಲ ಸಲ ಎಚ್ಚರಗೊಂಡಾಗ ಯಾವ ಉಪಗ್ರಹ ಎಲ್ಲಿದೆ ಎಂಬುದು ಅದಕ್ಕೆ ಗೊತ್ತಿರುವುದಿಲ್ಲ. ಪ್ರತಿ ಉಪಗ್ರಹವೂ ತನ್ನ ಕಕ್ಷೆಯ ನಿಖರ ವಿವರವನ್ನು 30 ಸೆಕೆಂಡಿಗೊಮ್ಮೆ ಪುನಃ ಪುನಃ ಹೇಳುತ್ತಿರುತ್ತದೆ. ಎಲ್ಲ ಉಪಗ್ರಹಗಳ ಒರಟು ಪಂಚಾಂಗ ಪೂರ್ತಿ ಬರಲು ಹನ್ನೆರಡೂವರೆ ನಿಮಿಷ ಬೇಕು. ನಮ್ಮ ತೋಟಗಳ ತೊಡಕು ಇರುವುದು ಇಲ್ಲೇ. ಸಿಲ್ವರ್ ಓಕ್, ಹಾಲುವಾಣ, ಹಲಸು, ಅತ್ತಿ, ಅವುಗಳಿಗೆ ಹಬ್ಬಿದ ಕಾಳುಮೆಣಸಿನ ಬಳ್ಳಿ, ಇಷ್ಟು ದಾಟಿ ಬರುವ ಸಿಗ್ನಲ್ ಕ್ಷೀಣವಾಗಿರುತ್ತದೆ, ಕೈಯಲ್ಲಿ ಹಿಡಿದು ನಡೆಯುತ್ತಿದ್ದರೆ ಹೆಜ್ಜೆಹೆಜ್ಜೆಗೂ ತುಂಡಾಗುತ್ತದೆ. ವಿವರ ಅರ್ಧದಲ್ಲಿ ತುಂಡಾದರೆ ರಿಸೀವರ್ ಮುಂದಿನ ಸುತ್ತಿಗೆ ಕಾಯಬೇಕು. ಹೀಗೆ ನೆರಳಿನಲ್ಲಿ ಅರ್ಧ ಗಂಟೆ ಅಲೆದರೂ ಸಿಗದ ಸ್ಥಾನ, ಬಯಲಿನಲ್ಲಿ ಅಲುಗಾಡದೆ ಇಟ್ಟರೆ ಒಂದೆರಡು ನಿಮಿಷದಲ್ಲಿ ಸಿಗುತ್ತದೆ.

ಇದಕ್ಕೆ ಕಾಫಿ ಒಣಗಿಸುವ ಕಣಕ್ಕಿಂತ ಒಳ್ಳೆಯ ಜಾಗ ತೋಟದಲ್ಲಿ ಇನ್ನೊಂದಿಲ್ಲ. ಕಣದ ನಡುವೆ, ಗೋದಾಮಿನ ತಗಡಿನ ಮಾಡಿನಿಂದ ದೂರ, ರಿಸೀವರನ್ನು ಮುಖ ಮೇಲಾಗಿ ಇಟ್ಟು, ಮೂರನೆಯ ಅಕ್ಷರ ‘ಎ’ ಆಗುವವರೆಗೆ ಕಾಯಿರಿ; ಬಹಳ ತಿಂಗಳುಗಳ ಮೇಲೆ ತೆರೆದಿದ್ದರೆ ಕಾಲು ಗಂಟೆ ಅಲ್ಲೇ ಬಿಡಿ. ಒಮ್ಮೆ ಕಕ್ಷೆಯ ವಿವರ ಸಿಕ್ಕಿದ ಮೇಲೆ ಅದು ಕೆಲವು ಗಂಟೆ ಕೆಲಸಕ್ಕೆ ಬರುವುದರಿಂದ, ನೆರಳಿನೊಳಗೆ ಹೋದರೂ ರಿಸೀವರ್ ಹಿಡಿತವನ್ನು ಬಹುಮಟ್ಟಿಗೆ ಉಳಿಸಿಕೊಳ್ಳುತ್ತದೆ. ಕಣದಲ್ಲಿ ಕಾಲು ಗಂಟೆ ಬಿಟ್ಟರೂ ಸ್ಥಾನ ಸಿಗದಿದ್ದರೆ ದೋಷ ಮರಗಳದ್ದಲ್ಲ, ರಿಸೀವರಿನದು.

ಮಳೆಯ ಬಗ್ಗೆ ಇಷ್ಟು ಹೇಳಬೇಕು. ಜಿಪಿಎಸ್ ಬಳಸುವ 1575.42 ಮೆಗಾಹರ್ಟ್ಸ್ ತರಂಗವನ್ನು ಮಳೆಹನಿಯಾಗಲೀ ಮಂಜಾಗಲೀ ಗಮನಕ್ಕೆ ಬರುವಷ್ಟು ತಡೆಯುವುದಿಲ್ಲ. ನೆನೆದ ಎಲೆಗಳ ದಟ್ಟ ಹೊದಿಕೆ ತಡೆಯುತ್ತದೆ. ‘ಮಳೆ ಬಿಟ್ಟ ಮೇಲೆ ನೋಡೋಣ’ ಎಂದು ಕಾಯುವ ಬದಲು, ಮಳೆಯಲ್ಲೇ ರಿಸೀವರನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬಯಲಿಗೆ ಒಯ್ದು ನೋಡಿದರೆ ವ್ಯತ್ಯಾಸ ತಿಳಿಯುತ್ತದೆ. ಜೀಪಿನಲ್ಲಿ ಹೋಗುವಾಗ ತಗಡಿನ ಮಾಡಿನ ಕೆಳಗೆ, ಸೀಟಿನ ಮೇಲೆ ಇಡಬಾರದು. ಮುಂದಿನ ಗಾಜಿನ ಕೆಳಗೆ ಇಡಬೇಕು.

ಗುಡ್ಡದ ತೊಂದರೆಯ ಲಕ್ಷಣ ಬೇರೆ. ಭಾಗಮಂಡಲದ ಕಡೆಯ ಕಣಿವೆಗಳಲ್ಲಿ ಕ್ಷಿತಿಜಕ್ಕೆ ಹತ್ತಿರವಿರುವ ಉಪಗ್ರಹಗಳು ಮರೆಯಾಗಿ, ನೆತ್ತಿಯ ಮೇಲಿನ ಕೆಲವೇ ಉಳಿಯುತ್ತವೆ. ಎತ್ತರವೂ ಸೇರಿ ಸ್ಥಾನ ಕಟ್ಟಲು ಕನಿಷ್ಠ ನಾಲ್ಕು ಉಪಗ್ರಹ ಬೇಕು. ಮೂರೇ ಇದ್ದರೆ ಹಲವು ರಿಸೀವರುಗಳು ಹಿಂದಿನ ಎತ್ತರವನ್ನೇ ನಿಜವೆಂದು ಹಿಡಿದು ಲೆಕ್ಕ ಮಾಡುತ್ತವೆ. ಬಯಲುಸೀಮೆಯಲ್ಲಿ ಇದರಿಂದ ಹೆಚ್ಚು ಹಾನಿಯಿಲ್ಲ. ಮಡಿಕೇರಿಯಿಂದ ಸಂಪಾಜೆಗೆ ಘಟ್ಟ ಇಳಿಯುವಾಗ ಎತ್ತರ ನೂರಾರು ಮೀಟರ್ ಬದಲಾಗುವುದರಿಂದ, ಹಳೆಯ ಎತ್ತರವನ್ನು ಹಿಡಿದ ಲೆಕ್ಕ ಗುರುತನ್ನು ರಸ್ತೆಯಿಂದ ಬಹುದೂರ ಒಯ್ಯಬಲ್ಲದು. ತಂತ್ರಾಂಶ ‘2ಡಿ’, ಅಂದರೆ ಎತ್ತರ ಅಳೆಯದ ಸ್ಥಾನ, ಎಂದು ತೋರಿಸುತ್ತಿರುವಾಗ ಹಾಕಿದ ಗುರುತುಗಳನ್ನು ನಮ್ಮ ನಾಡಿನಲ್ಲಿ ನೆಚ್ಚಬಾರದು.

ಗುರುತು ನಕ್ಷೆಯ ತಪ್ಪು ಜಾಗದಲ್ಲಿದ್ದರೆ

ಇಲ್ಲಿ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ತಪ್ಪು ಪ್ರತಿ ಬಾರಿಯೂ ಒಂದೇ ದಿಕ್ಕಿಗೆ, ಒಂದೇ ದೂರದಷ್ಟು ಇದೆಯೇ, ಅಥವಾ ಅಲೆದಾಡುತ್ತಿದೆಯೇ? ಒಂದೇ ಜಾಗದಲ್ಲಿ ನಿಂತಾಗ ಗುರುತು ಅತ್ತಿತ್ತ ಅಲೆದಾಡಿದರೆ ಅದು ಮರ, ಬಂಡೆ, ತಗಡುಗಳಿಂದ ಬರುವ ಪ್ರತಿಫಲನದ ಫಲ. ಸ್ಥಿರವಾಗಿ ಒಂದೇ ಕಡೆ ಸರಿದಿದ್ದರೆ ಅದು ಆಕಾಶದ ತಪ್ಪಲ್ಲ, ಲೆಕ್ಕದ ತಪ್ಪು. ಪರೀಕ್ಷಿಸಲು ದೂರದೂರದ ಮೂರು ಖಚಿತ ಜಾಗಗಳು ಸಾಕು: ಒಂದು ಸೇತುವೆ, ಒಂದು ರಸ್ತೆ ಕೂಡುವ ಜಾಗ, ಒಂದು ದೇವಸ್ಥಾನದ ಅಂಗಳ.

ತಪ್ಪು ಹತ್ತಾರು ಕಿಲೋಮೀಟರ್ ಇದ್ದರೆ ಅಂಕಿ ಬರೆಯುವ ಕ್ರಮವನ್ನು ನೋಡಿ. ಮೇಲಿನ ಸಾಲಿನಲ್ಲಿರುವ 1225.46 ಎಂದರೆ 12 ಡಿಗ್ರಿ 25.46 ಮಿನಿಟು, ಅದನ್ನು 12.2546 ಡಿಗ್ರಿ ಎಂದು ನಕ್ಷೆಗೆ ಕೊಡುವುದು ಬಹಳ ಸಾಮಾನ್ಯವಾದ ತಪ್ಪು. ಮಿನಿಟನ್ನು 60ರಿಂದ ಭಾಗಿಸಿದರೆ ಸರಿಯಾದ ಅಂಕಿ 12.4243 ಡಿಗ್ರಿ. ರೇಖಾಂಶ 75 ಡಿಗ್ರಿ 44.29 ಮಿನಿಟು ಎಂಬುದು 75.7382 ಡಿಗ್ರಿ ಆಗುತ್ತದೆ, 75.4429 ಅಲ್ಲ. ಎರಡನ್ನೂ ತಪ್ಪಾಗಿ ಬರೆದರೆ ಮಡಿಕೇರಿ ಪೇಟೆ ನೈಋತ್ಯಕ್ಕೆ ಮೂವತ್ತು ಕಿಲೋಮೀಟರಿಗೂ ಹೆಚ್ಚು ಸರಿದು ಕೇರಳದ ಒಳಗೆ ಹೋಗಿ ಬೀಳುತ್ತದೆ. ಪಕ್ಕದ ತೋಟದವರು ಚೀಟಿಯಲ್ಲಿ ಬರೆದುಕೊಟ್ಟ ಅಂಕಿಗಳನ್ನು ಸೇರಿಸುವಾಗ ಅದು ಯಾವ ಕ್ರಮದ್ದು ಎಂದು ಕೇಳಿಯೇ ಸೇರಿಸಬೇಕು. ಮಿನಿಟಿನ ಜಾಗದ ಅಂಕಿ ಒಂದು ಬಾರಿಯಾದರೂ 60ನ್ನು ದಾಟಿದ್ದರೆ ಅದು ದಶಮಾಂಶ ಡಿಗ್ರಿಯೇ ಸರಿ. ಮೀಟರಿನ ಯುಟಿಎಂ ಚೌಕದಲ್ಲಿ ಕೆಲಸ ಮಾಡುವವರು ವಲಯ 43 ಉತ್ತರ ಎಂದು ಕೊಡಬೇಕು. ಇಡೀ ಕೊಡಗು ಆ ಒಂದೇ ವಲಯದಲ್ಲಿದೆ.

ತಪ್ಪು ನೂರಾರು ಮೀಟರಿನಷ್ಟಿದ್ದು, ಜಿಲ್ಲೆಯಲ್ಲೆಲ್ಲ ಒಂದೇ ದಿಕ್ಕಿಗಿದ್ದರೆ ಡೇಟಮ್, ಅಂದರೆ ಅಕ್ಷಾಂಶ ರೇಖಾಂಶಗಳನ್ನು ಎಣಿಸಲು ಆಧಾರವಾಗಿ ಹಿಡಿದ ಭೂಮಿಯ ಮಾದರಿ, ಹೊಂದಿಲ್ಲ ಎಂದೇ ತಿಳಿಯಬಹುದು. ಜಿಪಿಎಸ್ ಅಂಕಿಗಳು ಡಬ್ಲ್ಯುಜಿಎಸ್ 84 ಎಂಬ ಡೇಟಮ್ ಮೇಲೆ ನಿಂತಿವೆ. ನಮ್ಮಲ್ಲಿ ಹಲವರು ಸ್ಕ್ಯಾನ್ ಮಾಡಿ ಪಿಡಿಎಗೆ ಹಾಕಿಕೊಳ್ಳುವ ಹಳೆಯ ಸರ್ವೆ ಆಫ್ ಇಂಡಿಯಾ ಟೋಪೋಶೀಟುಗಳು, ಅಂದರೆ ಜಿಲ್ಲೆಯ ಬಹುಭಾಗವಿರುವ 48ಪಿ ಮತ್ತು ಪೂರ್ವದ ಅಂಚಿರುವ 57ಡಿ ಸರಣಿಯ ಹಾಳೆಗಳು, ಎವರೆಸ್ಟ್ ಡೇಟಮ್ ಮೇಲೆ ನಿಂತಿವೆ. ಒಂದೇ ಜಾಗಕ್ಕೆ ಎರಡರಲ್ಲೂ ಅಕ್ಷಾಂಶ ರೇಖಾಂಶಗಳು ಸ್ವಲ್ಪ ಬೇರೆ. ನಮ್ಮ ಪ್ರದೇಶದಲ್ಲಿ ಈ ವ್ಯತ್ಯಾಸ ನೆಲದ ಮೇಲೆ ನೂರು ಮೀಟರಿಗೂ ಮೀರುತ್ತದೆ. ಒಂದಕ್ಕೆ ಐವತ್ತು ಸಾವಿರದ ಅಳತೆಯ ಹಾಳೆಯಲ್ಲಿ ಅದು ಕೆಲವೇ ಮಿಲಿಮೀಟರ್. ಆದರೆ ಪಿಡಿಎಯ ಪರದೆಯಲ್ಲಿ ಹಿಗ್ಗಿಸಿ ನೋಡುವಾಗ, ಕೆರೆಯ ಏರಿಯ ಮೇಲೆ ನಿಂತವನ ಗುರುತು ಕೆರೆಯ ಆಚೆಯ ಗದ್ದೆಯಲ್ಲಿ ಕಾಣುತ್ತದೆ. ತೋಟದ ರೈಟರು ಅದನ್ನು ಕಂಡು ರಿಸೀವರ್ ಕೆಟ್ಟಿದೆ ಎಂದರೆ ಅವರದು ತಪ್ಪಲ್ಲ, ಆದರೆ ಕೆಟ್ಟಿರುವುದು ರಿಸೀವರ್ ಅಲ್ಲ.

ಓಝಿಎಕ್ಸ್‌ಪ್ಲೋರರ್ ಸಿಇಯಂಥ, ಸ್ಕ್ಯಾನ್ ಮಾಡಿದ ಹಾಳೆಯನ್ನು ಬಳಸುವ ತಂತ್ರಾಂಶಗಳಲ್ಲಿ ಪ್ರತಿ ನಕ್ಷೆಗೂ ಅದರದ್ದೇ ಡೇಟಮ್ ನಮೂದಿಸುವ ಜಾಗವಿದೆ. ಹಾಳೆಯನ್ನು ಹೊಂದಿಸುವಾಗಲೇ ಹಾಳೆಯ ಡೇಟಮ್ ಕೊಡಬೇಕು. ರಿಸೀವರಿನ ಡೇಟಮ್ ಡಬ್ಲ್ಯುಜಿಎಸ್ 84 ಆಗಿಯೇ ಇರಲಿ. ಆಯ್ಕೆಯ ಪಟ್ಟಿಯಲ್ಲಿ ಒಂದು ಬಲೆಯಿದೆ. ‘ಇಂಡಿಯನ್’ ಎಂದು ಆರಂಭವಾಗುವ ಹಲವು ಹೆಸರುಗಳಲ್ಲಿ ‘ಇಂಡಿಯನ್ 1954’ ಮತ್ತು ‘ಇಂಡಿಯನ್ 1975’ ಥಾಯ್ಲೆಂಡಿನವು, ‘ಇಂಡಿಯನ್ 1960’ ವಿಯೆಟ್ನಾಮಿನದು. ನಮಗೆ ಬೇಕಾದದ್ದು ಇಂಡಿಯಾ ಎಂದು ದೇಶದ ಹೆಸರನ್ನೇ ಹೇಳುವ ಎವರೆಸ್ಟ್ ಆಯ್ಕೆ. 2005ರ ರಾಷ್ಟ್ರೀಯ ನಕ್ಷೆ ನೀತಿಯ ನಂತರ ಸಾರ್ವಜನಿಕರಿಗಾಗಿ ಬಂದ ಮುಕ್ತ ಸರಣಿಯ ಹಾಳೆಗಳು ಡಬ್ಲ್ಯುಜಿಎಸ್ 84ರಲ್ಲೇ ಇವೆ. ಅವುಗಳಿಗೆ ಎವರೆಸ್ಟ್ ಎಂದು ಕೊಟ್ಟರೆ ಅದೇ ತಪ್ಪು ತಿರುಗುಮುರುಗಾಗಿ ಬರುತ್ತದೆ. ಓಪನ್‌ಸ್ಟ್ರೀಟ್‌ಮ್ಯಾಪಿನ ಮಾಹಿತಿಯಿಂದ ಮಾಡಿದ ನಕ್ಷೆಗಳೂ ಡಬ್ಲ್ಯುಜಿಎಸ್ 84.

ಡೇಟಮ್ ಸರಿಯಾದ ಮೇಲೂ ಹಾಳೆಯ ಒಂದು ಬದಿಯಲ್ಲಿ ಸರಿಯಾಗಿದ್ದು ಇನ್ನೊಂದು ಬದಿಗೆ ಹೋದಂತೆ ತಪ್ಪು ಬೆಳೆಯುತ್ತಿದ್ದರೆ, ಹೊಂದಿಸಲು ಆರಿಸಿದ ಬಿಂದುಗಳು ಹತ್ತಿರ ಹತ್ತಿರ ಇವೆ ಎಂದರ್ಥ. ನಾಲ್ಕು ಮೂಲೆಗಳಲ್ಲಿ ಅಚ್ಚಾಗಿರುವ ಅಕ್ಷಾಂಶ ರೇಖಾಂಶಗಳ ಅಡ್ಡಗೆರೆಗಳನ್ನೇ ಬಳಸಿ. ತೇವಕ್ಕೆ ಕಾಗದ ಹಿಗ್ಗುತ್ತದೆ, ಒಂದೇ ಸಮನಾಗಿ ಹಿಗ್ಗುವುದಿಲ್ಲ. ಸ್ಕ್ಯಾನ್ ಮಾಡುವ ಕೆಲಸವನ್ನು ಬೇಸಗೆಗೆ ಇಟ್ಟುಕೊಳ್ಳುವುದು ಲೇಸು. ಈ ಅಳತೆಯಲ್ಲಿ ಒಂದು ಮಿಲಿಮೀಟರ್ ಎಂದರೆ ನೆಲದ ಮೇಲೆ 50 ಮೀಟರ್ ಎಂಬುದನ್ನು ಮರೆಯದಿದ್ದರೆ, ದಪ್ಪ ಪೆನ್ಸಿಲಿನ ಗೆರೆ ಎಷ್ಟು ದುಬಾರಿ ಎಂಬುದು ತಾನಾಗಿ ತಿಳಿಯುತ್ತದೆ.

ಒಂದೇ ಒಂದು ರಸ್ತೆಯಲ್ಲಿ ಮಾತ್ರ ಗುರುತು ರಸ್ತೆ ಬಿಟ್ಟು ಹೊರಗೆ ಕಂಡು, ಉಳಿದೆಡೆ ಎಲ್ಲ ಸರಿಯಿದ್ದರೆ, ನಕ್ಷೆಯೇ ಹಳೆಯದಾಗಿರಬಹುದು. ಆಗಸ್ಟ್ 2018ರ ಭೂಕುಸಿತಗಳಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡಗಳೇ ಜಾರಿದ ಮೇಲೆ, ಅದಕ್ಕಿಂತ ಹಿಂದಿನ ನಕ್ಷೆಯ ದಾರಿಗಳನ್ನು ಕುರುಡಾಗಿ ನಂಬಿ ಹೋಗುವುದು ಅಪಾಯ. ಅಲ್ಲಿ ಊರವರ ಮಾತು ನಕ್ಷೆಗಿಂತ ಮೇಲು.

ನಡೆದ ಜಾಡು ಸರಿಯಾಗಿ ದಾಖಲಾಗದಿದ್ದರೆ

ಜಾಡು ಕೆಲವು ನಿಮಿಷಗಳಿಗೊಮ್ಮೆ ತುಂಡಾಗಿದ್ದರೆ ಕಾರಣ ವಿದ್ಯುತ್ ಉಳಿತಾಯದ ಸೆಟ್ಟಿಂಗ್. ಪಿಡಿಎ ತಾನಾಗಿ ಆರಿದಾಗ ಪೋರ್ಟೂ ಮುಚ್ಚುತ್ತದೆ. ಪರದೆಯ ಬೆಳಕು ಮಾತ್ರ ಆರಲಿ, ಯಂತ್ರ ಆರದಿರಲಿ ಎಂದು ಹೊಂದಿಸಬೇಕು.

ಇನ್ನೊಂದು ದೋಷ ಹೆಚ್ಚು ಸೂಕ್ಷ್ಮವಾದುದು, ತೋಟದವರನ್ನು ಹೆಚ್ಚು ಕಾಡುವುದೂ ಅದೇ. ಬೇಲಿಯ ಗುಂಟ ನಿಧಾನವಾಗಿ, ಕಾಫಿ ಗಿಡಗಳನ್ನು ಸರಿಸಿಕೊಂಡು, ಪ್ರತಿ ಕಲ್ಲುಕಂಬದ ಬಳಿ ನಿಂತು ನಡೆದಾಗ, ಪರದೆಯ ಮೇಲಿನ ಗುರುತು ಕದಲದೆ ನಿಂತುಬಿಡುತ್ತದೆ; ಆಮೇಲೆ ಇದ್ದಕ್ಕಿದ್ದಂತೆ ಹತ್ತಿಪ್ಪತ್ತು ಮೀಟರ್ ಹಾರಿ ಮುಂದಿನ ಕಂಬಕ್ಕೆ ಬರುತ್ತದೆ. ಬೇಲಿಯ ತಿರುವುಗಳೆಲ್ಲ ಕತ್ತರಿಸಿಹೋಗಿ, ಜಾಡು ನೇರ ಗೆರೆಗಳ ಗೂಡಾಗುತ್ತದೆ. ಸಾಲುಗಳನ್ನು ನೋಡಿದರೆ ಸ್ಥಾನ ‘ಎ’, ಉಪಗ್ರಹಗಳು ಸಾಕಷ್ಟು, ಎಲ್ಲವೂ ಸರಿ. ಇದು ಸಿರ್ಫ್ ರಿಸೀವರುಗಳ ಸ್ಟ್ಯಾಟಿಕ್ ನ್ಯಾವಿಗೇಶನ್ ಎಂಬ ಗುಣ. ಸಿಗ್ನಲ್ ಕಂಬದ ಬಳಿ ನಿಂತ ಕಾರಿನ ಗುರುತು ಅಲೆದಾಡದಿರಲಿ ಎಂದು, ವೇಗ ಬಹಳ ಕಡಿಮೆಯಾದಾಗ ಸ್ಥಾನವನ್ನು ಹೆಪ್ಪುಗಟ್ಟಿಸಲು ಇದನ್ನು ಮಾಡಿದ್ದಾರೆ. ಕಾರಿಗೆ ಅನುಕೂಲ, ಬೇಲಿ ಅಳೆಯುವವನಿಗೆ ಪ್ರತಿಕೂಲ. ಮೇಲೆ ಹೇಳಿದ ಸಿರ್ಫ್ ಸೆಟ್ಟಿಂಗಿನ ತಂತ್ರಾಂಶದಿಂದಲೇ ಇದನ್ನು ನಿಲ್ಲಿಸಬಹುದು. ಅದಕ್ಕಾಗಿ ರಿಸೀವರನ್ನು ತಾತ್ಕಾಲಿಕವಾಗಿ ಬೈನರಿ ಭಾಷೆಗೆ ಒಯ್ಯಬೇಕಾಗುತ್ತದೆ, ಕೆಲಸ ಮುಗಿದ ಮೇಲೆ ಎನ್‌ಎಂಇಎಗೆ ಮರಳಿಸಲೇಬೇಕು.

ಇಷ್ಟೆಲ್ಲ ಸರಿಯಾದ ಮೇಲೂ ಈ ಜಾಡನ್ನು ಬಾಣೆ ಜಾಗದ ಗಡಿ ವ್ಯಾಜ್ಯಕ್ಕೆ ಪುರಾವೆ ಎಂದು ಬಳಸಬೇಡಿ. ಒಂದು ಸೆಂಟ್ ಜಾಗ ಎಂದರೆ 40.47 ಚದರ ಮೀಟರ್, ಆರೂವರೆ ಮೀಟರಿಗೂ ಕಡಿಮೆ ಬದಿಯ ಚೌಕ. ಮರದ ನೆರಳಿನಲ್ಲಿ ಇಂಥ ರಿಸೀವರಿನ ತಪ್ಪೇ ಅದಕ್ಕಿಂತ ಹೆಚ್ಚಿರಬಹುದು. ಗೊಬ್ಬರದ ಲೆಕ್ಕಕ್ಕೆ, ಬ್ಲಾಕುಗಳ ಅಂದಾಜಿಗೆ, ಬೋರರ್ ಹುಳು ಹಿಡಿದ ಗಿಡಗಳಿರುವ ಜಾಗವನ್ನು ಮತ್ತೆ ಹುಡುಕಲು ಅದು ಧಾರಾಳ ಸಾಕು. ಗಡಿಗೆ ಸರ್ವೆಯರನ್ನೇ ಕರೆಸಬೇಕು.

ಎತ್ತರ ಮತ್ತು ತಾರೀಖು

ಎತ್ತರ ಎಲ್ಲೆಡೆಯೂ 80ರಿಂದ 90 ಮೀಟರಿನ ಆಸುಪಾಸು ಕಡಿಮೆ ತೋರಿಸುತ್ತಿದ್ದರೆ ಅದೂ ಲೆಕ್ಕದ ತಪ್ಪೇ. ಜಿಪಿಎಸ್ ಅಳೆಯುವುದು ಒಂದು ಗಣಿತದ ಅಂಡಾಕಾರದ ಮೇಲಿನ ಎತ್ತರವನ್ನು. ದಕ್ಷಿಣ ಭಾರತದಲ್ಲಿ ನಿಜವಾದ ಸಮುದ್ರಮಟ್ಟ ಆ ಅಂಡಾಕಾರಕ್ಕಿಂತ ಅಷ್ಟು ಕೆಳಗಿದೆ. ಜಿಪಿಜಿಜಿಎ ಸಾಲಿನಲ್ಲಿ ಎತ್ತರದ ಮುಂದೆ ಈ ವ್ಯತ್ಯಾಸದ ಅಂಕಿಗೂ ಒಂದು ಜಾಗವಿದೆ. ಅದು ಖಾಲಿ ಅಥವಾ ಸೊನ್ನೆ ಇದ್ದರೆ ರಿಸೀವರ್ ತಿದ್ದುಪಡಿ ಮಾಡಿಲ್ಲ ಎಂದು ತಿಳಿದು ನಾವೇ ಕೂಡಿಸಿಕೊಳ್ಳಬೇಕು. 1748 ಮೀಟರಿನ ತಡಿಯಂಡಮೋಳಿನ ತುದಿಯಲ್ಲಿ ನಿಂತು 1660 ಎಂದು ಓದಿದವರಿಗೆ ಕಾರಣ ಇದು.

ಸ್ಥಾನ ಸರಿಯಿದ್ದು ತಾರೀಖು ಸುಮಾರು ಇಪ್ಪತ್ತು ವರ್ಷ ಹಿಂದಕ್ಕೆ ಹೋಗಿದ್ದರೆ ರಿಸೀವರ್ ಕೆಟ್ಟಿಲ್ಲ. ಉಪಗ್ರಹಗಳು ವಾರದ ಸಂಖ್ಯೆಯನ್ನು ಹತ್ತು ಬಿಟ್‌ಗಳಲ್ಲಿ ಹೇಳುವುದರಿಂದ 1024 ವಾರಗಳಿಗೊಮ್ಮೆ ಅದು ಸೊನ್ನೆಗೆ ಮರಳುತ್ತದೆ. ಆಗಸ್ಟ್ 1999ರಲ್ಲಿ ಒಮ್ಮೆ, ಏಪ್ರಿಲ್ 2019ರಲ್ಲಿ ಮತ್ತೊಮ್ಮೆ ಹೀಗಾಯಿತು. ಮುಂದಿನದು ನವೆಂಬರ್ 2038ರಲ್ಲಿ. ಹಳೆಯ ರಿಸೀವರುಗಳಲ್ಲಿ ಹಲವು ಈ ಸುತ್ತನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಬಹುಪಾಲು ರಿಸೀವರುಗಳಲ್ಲಿ ಸ್ಥಾನಕ್ಕೆ ಇದರಿಂದ ತೊಂದರೆಯಿಲ್ಲ, ಆದರೆ ನಕ್ಷೆಯ ತಂತ್ರಾಂಶದಲ್ಲಿ ‘ಜಿಪಿಎಸ್ಸಿನಿಂದ ಗಡಿಯಾರ ಹೊಂದಿಸು’ ಎಂಬ ಆಯ್ಕೆ ಚಾಲೂ ಇದ್ದರೆ ಪಿಡಿಎಯ ಗಡಿಯಾರವೂ ಹಿಂದಕ್ಕೆ ಹೋಗುತ್ತದೆ, ಜಾಡಿನ ಕಡತಗಳ ಅನುಕ್ರಮ ಕಲಸಿಹೋಗುತ್ತದೆ. ಆ ಆಯ್ಕೆಯನ್ನು ನಿಲ್ಲಿಸಿ, ಪಿಡಿಎಯ ಗಡಿಯಾರವನ್ನು ಕೈಯಿಂದಲೇ ಹೊಂದಿಸಿ. ಈಗಾಗಲೇ ದಾಖಲಾಗಿರುವ ಜಾಡುಗಳಿಗೆ 7168 ದಿನ ಕೂಡಿಸಿದರೆ ಸರಿಯಾದ ತಾರೀಖು ಬರುತ್ತದೆ. ಬೇರೆಯವರ ಜಾಡುಗಳ ಜೊತೆ ಬೆರೆಸುವ ಮೊದಲೇ ಇದನ್ನು ಮಾಡಿಕೊಳ್ಳಬೇಕು, ಬೆರೆಸಿದ ಮೇಲೆ ಯಾವುದಕ್ಕೆ ಕೂಡಿಸಬೇಕು, ಯಾವುದಕ್ಕೆ ಬೇಡ ಎಂದು ಬಿಡಿಸುವುದು ಕಷ್ಟ.